ಫಿಂಗರ್‌ಪಿಕಿಂಗ್‌ಗೆ ಸಣ್ಣ ಬಾಡಿಯ ಗಿಟಾರ್: ಮಿತ ಬಜೆಟ್‌ನಲ್ಲಿ ಆರಿಸಿಕೊಳ್ಳುವ ಬಗೆ

ಅಂಗಡಿಗೆ ಹೋಗಿ ಸಣ್ಣ ಗಿಟಾರ್ ಬೇಕೆಂದು ಕೇಳಿದರೆ ಬಹಳ ಸಲ ಕೈಗೆ ಬರುವುದು ‘38 ಇಂಚಿನದು’. ಈ 38 ಇಂಚು ಎನ್ನುವುದು ತಲೆಯ ತುದಿಯಿಂದ ಬುಡದವರೆಗಿನ ಒಟ್ಟು ಉದ್ದವೇ ಹೊರತು ಬಾಡಿಯ ಅಳತೆಯಲ್ಲ. ಬೆರಳಿನಿಂದ ನುಡಿಸಲು ಅನುಕೂಲವೆಂಬುದರ ಗುರುತಂತೂ ಅಲ್ಲವೇ ಅಲ್ಲ. ನಾನು ಕೊಂಡ ಮೊದಲ ಗಿಟಾರ್ ಇಂಥದ್ದೇ ಆಗಿತ್ತು. ಹೊಳೆಯುವ ನೀಲಿ ಬಣ್ಣ, ಬುಡದಲ್ಲಿ ತಂತಿಗಳನ್ನು ಹಿಡಿದಿಡುವ ತಗಡಿನ ಟೇಲ್‌ಪೀಸ್, ಒಳಗೆ ಟ್ರಸ್ ರಾಡ್ (ಬಾಗನ್ನು ಸರಿಪಡಿಸುವ ಲೋಹದ ಸರಳು) ಇಲ್ಲದ ನೆಕ್, ಅಂದರೆ ಕತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನೆಕ್ ಬಿಲ್ಲಿನಂತೆ ಬಾಗಿ, ಐದನೆಯ ಫ್ರೆಟ್‌ನಿಂದಾಚೆ (ಫ್ರೆಟ್ ಎಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ತಂತಿ ಒತ್ತುವುದೇ ಹರಸಾಹಸವಾಯಿತು. ಟ್ರಸ್ ರಾಡ್ ಇಲ್ಲದ್ದರಿಂದ ಅದನ್ನು ಸರಿಪಡಿಸುವ ದಾರಿಯೂ ಇರಲಿಲ್ಲ. ಆದ್ದರಿಂದ ಮೊದಲಿಗೆ ‘ಸಣ್ಣದು’ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು.

ಗಿಟಾರಿನ ಬಾಡಿಯನ್ನು ಅಳೆಯುವುದು ಅದರ ಕೆಳಭಾಗದ ಅತಿ ಅಗಲವಾದ ಜಾಗದಲ್ಲಿ. ಅಮೆರಿಕದ ಮಾರ್ಟಿನ್ ಕಂಪನಿ ರೂಢಿಗೆ ತಂದ ಅಳತೆಗಳನ್ನೇ ಇಂದಿಗೂ ಎಲ್ಲರೂ ಮಾನದಂಡವಾಗಿ ಬಳಸುತ್ತಾರೆ. ಅದರ ಪ್ರಕಾರ ದೊಡ್ಡ ಬಾಡಿಯ ಡ್ರೆಡ್‌ನಾಟ್ ಮಾದರಿ ಸುಮಾರು 397 ಮಿ.ಮೀ., ಅದಕ್ಕಿಂತ ಚಿಕ್ಕ ಮಾದರಿಗಳಾದ ತ್ರಿಬಲ್ ಓ ಮತ್ತು ಓಎಂ ಸುಮಾರು 381, ಡಬಲ್ ಓ ಸುಮಾರು 364, ಸಿಂಗಲ್ ಓ ಸುಮಾರು 343 ಮಿ.ಮೀ. ಅಗಲವಿರುತ್ತವೆ, ಪಾರ್ಲರ್ ಎನ್ನಿಸಿಕೊಳ್ಳುವವು ಸಾಮಾನ್ಯವಾಗಿ ಇನ್ನೂ ಚಿಕ್ಕವು. ಅಗಲದ ಅಂತರ ಕಾಗದದ ಮೇಲೆ ಅಲ್ಪವೆನಿಸಿದರೂ, ಡ್ರೆಡ್‌ನಾಟ್‌ನ ಆಳ 124 ಮಿ.ಮೀ. ಆದರೆ ತ್ರಿಬಲ್ ಓದ್ದು 105ರ ಆಸುಪಾಸಿನಲ್ಲಿದೆ, ಸೊಂಟವೂ ಹೆಚ್ಚು ಸಪುರ. ತೊಡೆಯ ಮೇಲೆ ಇಟ್ಟುಕೊಂಡು ಬಲಗೈಯನ್ನು ತಂತಿಗಳ ಮೇಲೆ ತಂದ ಕೂಡಲೇ ಭುಜ ಮೇಲೇಳದೆ ನೆಮ್ಮದಿಯಾಗಿ ಉಳಿಯುವುದು ಈ ಕಾರಣಕ್ಕೆ.

ಡ್ರೆಡ್‌ನಾಟ್ ಹುಟ್ಟಿದ್ದು 1916ರಲ್ಲಿ, ಡಿಟ್ಸನ್ ಎಂಬ ಸಂಗೀತ ಸಾಮಗ್ರಿ ಮಾರಾಟಗಾರರಿಗಾಗಿ. ಬ್ರಿಟಿಷ್ ಯುದ್ಧನೌಕೆಯೊಂದರ ಹೆಸರನ್ನೇ ಅದಕ್ಕೆ ಇಟ್ಟರು. ಹೆಸರಿಗೆ ತಕ್ಕಂತೆ ಅದರ ಶಕ್ತಿಯಿರುವುದು ಜೋರಾದ, ತುಂಬಿದ ಮಂದ್ರಸ್ವರಗಳಲ್ಲಿ. ಪಿಕ್ (ತಂತಿ ಮೀಟುವ ಪುಟ್ಟ ಚೂರು) ಹಿಡಿದು ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು, ಬಾರಿಸುತ್ತಾ ಹಾಡುವವರಿಗೆ ಅದು ಹೇಳಿ ಮಾಡಿಸಿದ್ದು. ಹೆಬ್ಬೆರಳು ಮಂದ್ರದಲ್ಲಿ ತಾಳ ಹಿಡಿದು, ಉಳಿದ ಬೆರಳುಗಳು ಏರುಸ್ವರದ ಸಪುರ ತಂತಿಗಳಲ್ಲಿ ರಾಗ ನುಡಿಸುವಾಗ ಮಾತ್ರ ಆ ಗುಡುಗು ರಾಗವನ್ನು ನುಂಗಿಹಾಕುತ್ತದೆ. ಬೆರಳಿನ ಹೊಡೆತ ಪಿಕ್‌ನ ಹೊಡೆತದಷ್ಟು ಬಲವಾದುದಲ್ಲ. ಚಿಕ್ಕ ಟಾಪ್, ಅಂದರೆ ಮುಂಭಾಗದ ಹಲಗೆ, ಅಷ್ಟು ಮೆಲುವಾದ ಮೀಟಿಗೂ ಬೇಗ ಕಂಪಿಸುತ್ತದೆ, ಆರೂ ತಂತಿಗಳು ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಕೇಳಿಸುತ್ತವೆ. ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ 1992ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ನುಡಿಸಿದ್ದು 1939ರ ತ್ರಿಬಲ್ ಓ ಮಾದರಿಯ ಮಾರ್ಟಿನ್. ಸಣ್ಣ ಬಾಡಿಯ ಗಿಟಾರುಗಳಿಗೆ ಮತ್ತೆ ಬೇಡಿಕೆ ಬಂದುದರಲ್ಲಿ ಅದರ ಪಾಲೂ ಇದೆ ಎನ್ನಬೇಕು.

ಮಿತ ಬಜೆಟ್‌ನಲ್ಲಿ ಕೊಳ್ಳುವವರು ದುಡ್ಡನ್ನು ಮೊದಲು ಸುರಿಯಬೇಕಾದ ಜಾಗ ಈ ಟಾಪ್. ಅದು ಒಂದೇ ಮರದ ಗಟ್ಟಿ ಹಲಗೆಯೋ, ಪದರಗಳನ್ನು ಅಂಟಿಸಿದ ಪ್ಲೈಯೋ ಎಂಬುದರ ಮೇಲೆ ಅರ್ಧಕ್ಕಿಂತ ಹೆಚ್ಚು ನಾದ ನಿಂತಿದೆ. ಸ್ಪ್ರೂಸ್ ಅಥವಾ ಸೀಡರ್‌ನ ಗಟ್ಟಿ ಟಾಪ್ ಬಳಸುತ್ತಾ ಹೋದಂತೆ ಹದವಾಗುತ್ತದೆ. ಪ್ಲೈ ಕೊಂಡ ದಿನ ಹೇಗಿತ್ತೋ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಅಂಗಡಿಯವರ ಮಾತನ್ನಷ್ಟೇ ನಂಬಬೇಕಿಲ್ಲ. ಮೊಬೈಲ್ ಟಾರ್ಚ್ ಹಾಕಿ ಸೌಂಡ್‌ಹೋಲ್‌ನ (ಟಾಪ್‌ನಲ್ಲಿರುವ ದುಂಡು ತೂತಿನ) ಅಂಚನ್ನು ಹತ್ತಿರದಿಂದ ನೋಡಿರಿ. ಮೇಲ್ಮೈಯ ಗೆರೆಗಳು ಅಂಚಿನ ದಪ್ಪದಲ್ಲೂ ಹಾಗೆಯೇ ಕೆಳಗಿಳಿದಿದ್ದರೆ ಅದು ಗಟ್ಟಿ ಹಲಗೆ. ಅಂಚಿನಲ್ಲಿ ಬಿಸ್ಕತ್ತಿನ ಪದರಗಳಂತೆ ಎರಡು ಮೂರು ಅಡ್ಡಗೆರೆಗಳು ಕಂಡರೆ ಪ್ಲೈ. ಅಂಚಿಗೆ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನಪಡುವುದು ತಪ್ಪಲ್ಲ. ಹಿಂಬದಿ ಮತ್ತು ಪಕ್ಕದ ಹಲಗೆಗಳು ಪ್ಲೈ ಆಗಿದ್ದರೂ ಈ ಬೆಲೆಯಲ್ಲಿ ಚಿಂತೆಯಿಲ್ಲ, ನಮ್ಮ ಹವೆಗೆ ಅದು ಒಂದು ರೀತಿಯಲ್ಲಿ ಒಳ್ಳೆಯದೇ. ಅಂದಹಾಗೆ, ದುಬಾರಿ ಗಿಟಾರುಗಳ ಹಿಂಬದಿಗೆ ಹಾಕುವ ‘ಇಂಡಿಯನ್ ರೋಸ್‌ವುಡ್’ ನಮ್ಮ ಮಲೆನಾಡಿನ ಬೀಟೆಯೇ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದ ಮೇಲೆ, 1969ರಿಂದ ಮಾರ್ಟಿನ್‌ನಂಥ ಕಂಪನಿಯೂ ಅದಕ್ಕೆ ಹೊರಳಿತು. ಅಗ್ಗದ ಗಿಟಾರಿನಲ್ಲಿ ಬೀಟೆಯ ಹೆಸರು ಹೇಳಿ ಬೆಲೆ ಏರಿಸಿದರೆ ಮಾತ್ರ ಅದು ಹಲಗೆಯೋ, ಕಾಗದದಷ್ಟು ತೆಳುವಾದ ಮೇಲ್ಪದರವೋ ಎಂದು ಕೇಳಿ ತಿಳಿದುಕೊಳ್ಳಬೇಕು.

ಎರಡನೆಯ ವಿಷಯ ನಟ್‌ನ ಅಗಲ, ಅಂದರೆ ತಂತಿಗಳು ತಲೆಯ ಕಡೆಗೆ ದಾಟುವ ಬಿಳಿ ಪಟ್ಟಿಯ ಉದ್ದ. ಕಡಿಮೆ ಬೆಲೆಯವುಗಳಲ್ಲಿ ಇದು ಬಹುತೇಕ 43 ಮಿ.ಮೀ.; ಬೆರಳಿನಿಂದ ನುಡಿಸುವವರು ಇಷ್ಟಪಡುವುದು 44.5. ಒಂದೂವರೆ ಮಿಲಿಮೀಟರಿಗೆ ಇಷ್ಟೊಂದು ಜಂಜಾಟವೇ ಎಂದು ನನಗೂ ಅನ್ನಿಸಿತ್ತು. ಡಿ ಕಾರ್ಡ್ ಹಿಡಿದು ಮೊದಲ ತಂತಿ ಪಕ್ಕದ ಬೆರಳಿಗೆ ತಾಗಿ ಸದ್ದೇ ಬಾರದಿರುವುದನ್ನು ಅನುಭವಿಸಿದ ಮೇಲೆ ಹಾಗೆ ಅನ್ನಿಸಲಿಲ್ಲ. ಸಪುರ ಬೆರಳಿನವರಿಗೆ 43 ಸಾಕು. ದಪ್ಪ ಬೆರಳಿನವರು 44.5 ಸಿಗುವವರೆಗೆ ಹುಡುಕಲಿ, ಬಳಸಿದ ಗಿಟಾರುಗಳ ಮಾರುಕಟ್ಟೆಯಲ್ಲಾದರೂ ಸರಿ. ಆದರೆ ಬಲಗೈಗೆ ಮುಖ್ಯವಾದದ್ದು ಬ್ರಿಡ್ಜ್‌ನ (ಟಾಪ್ ಮೇಲೆ ತಂತಿಗಳನ್ನು ಹೊರುವ ಮರದ ತುಂಡಿನ) ಬಳಿ ತಂತಿಗಳ ನಡುವಿನ ಅಂತರ. ಇದನ್ನು ಅಳೆಯುವುದಕ್ಕಿಂತ ನುಡಿಸಿ ನೋಡುವುದೇ ಮೇಲು.

ಆ್ಯಕ್ಷನ್, ಅಂದರೆ ಫ್ರೆಟ್‌ನಿಂದ ತಂತಿಯ ಎತ್ತರ, ಹೊಸ ಗಿಟಾರಿನಲ್ಲಿ ಸರಿಯಾಗಿರುವುದು ಅಪರೂಪ. ಇದನ್ನು ಪರೀಕ್ಷಿಸಲು ಜೇಬಿನಲ್ಲಿರುವ ಎಟಿಎಂ ಕಾರ್ಡ್ ಸಾಕು. ಒಂದು ಕಾರ್ಡಿನ ದಪ್ಪ 0.76 ಮಿ.ಮೀ. ಮೂರು ಕಾರ್ಡುಗಳನ್ನು ಒಂದರ ಮೇಲೊಂದಿಟ್ಟು ಹನ್ನೆರಡನೆಯ ಫ್ರೆಟ್‌ನ ಮೇಲೆ, ಅತಿ ದಪ್ಪದ ಆರನೆಯ ತಂತಿಯ ಕೆಳಗೆ ತೂರಿಸಿರಿ. ತಂತಿಯನ್ನು ಎತ್ತದೆ ಮೆಲ್ಲಗೆ ಸವರಿಕೊಂಡು ಹೋದರೆ ಎತ್ತರ ಹದವಾಗಿದೆ. ನಾಲ್ಕನೆಯ ಕಾರ್ಡೂ ಸಲೀಸಾಗಿ ನುಸುಳಿದರೆ ಬೆರಳಿಗೆ ನೋವು ಖಚಿತ. ಮೊದಲ ತಂತಿಯ ಕೆಳಗೆ ಎರಡು ಕಾರ್ಡು ಸಾಕು. ಎತ್ತರ ಹೆಚ್ಚಿದೆ ಎಂದ ಮಾತ್ರಕ್ಕೆ ಗಿಟಾರನ್ನು ತಿರಸ್ಕರಿಸಬೇಕಿಲ್ಲ, ಸ್ಯಾಡಲ್, ಅಂದರೆ ಬ್ರಿಡ್ಜ್ ಮೇಲೆ ತಂತಿಗಳು ಕೂರುವ ತೆಳು ಪಟ್ಟಿಯನ್ನು ಉಜ್ಜಿ ತಗ್ಗಿಸಬಹುದು. ಆದರೆ ಸ್ಯಾಡಲ್ ಈಗಾಗಲೇ ಬ್ರಿಡ್ಜ್‌ನೊಳಗೆ ಹುದುಗಿಹೋಗಿ, ಎತ್ತರ ಆಗಲೂ ಹೆಚ್ಚಿದ್ದರೆ ಆ ಗಿಟಾರನ್ನು ಅಲ್ಲೇ ಬಿಟ್ಟು ಬರುವುದು ಲೇಸು; ಬಳಸಿದ ಗಿಟಾರಿನಲ್ಲಿ ಇದನ್ನು ತಪ್ಪದೆ ನೋಡಬೇಕು.

ಅಂಗಡಿಯಲ್ಲಿ ನುಡಿಸುವಾಗ ಪಿಕ್ ಮುಟ್ಟದಿರಿ. ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಒಂದೊಂದೇ ತಂತಿ ಮೀಟಿ, ಯಾವುದಾದರೂ ಮಂಕಾಗಿ ಕೇಳಿಸುತ್ತದೆಯೇ ಎಂದು ಗಮನಿಸಿರಿ. ಸಾಮಾನ್ಯವಾಗಿ ಮೂರನೆಯ ತಂತಿಯೇ ಹಿಂದೆ ಬೀಳುವುದು. ಹೆಬ್ಬೆರಳಿನಿಂದ ಆರು ಮತ್ತು ನಾಲ್ಕನೆಯ ತಂತಿಗಳನ್ನು ಸರದಿಯಂತೆ ಮೀಟುತ್ತಾ ಸಪುರವಾದ ಮೊದಲ ಎರಡು ತಂತಿಗಳಲ್ಲಿ ಪರಿಚಿತವಾದ ಒಂದು ಧಾಟಿ ನುಡಿಸಿದಾಗ, ಧಾಟಿ ತಾನಾಗಿಯೇ ಎದ್ದು ಕಾಣಬೇಕು. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯನ್ನು ಬರಿದೇ ಸೋಕಿಸಿ ಬರುವ ಹಾರ್ಮೋನಿಕ್ ಮತ್ತು ಅಲ್ಲೇ ಒತ್ತಿ ನುಡಿಸಿದ ಸ್ವರ ಒಂದೇ ಶ್ರುತಿಯಲ್ಲಿವೆಯೇ ಎಂಬುದನ್ನು ಟ್ಯೂನರ್ ಆ್ಯಪ್‌ನಲ್ಲಿ ನೋಡಿಕೊಳ್ಳಬಹುದು.

ಇನ್ನು ಹೆಸರುಗಳ ವಿಷಯ. ಭಾರತದಲ್ಲಿ ಕಲಿಯುವವರಿಗೆಲ್ಲ ಗೊತ್ತಿರುವ ಯಮಹಾ ಎಫ್310 ನಂಬಿಕಸ್ತ ಗಿಟಾರೇ, ಆದರೆ ಅದು ಡ್ರೆಡ್‌ನಾಟ್ ಬಳಗದ್ದು ಮತ್ತು ಅದರ ಟಾಪ್ ಪ್ಲೈ. ಅದೇ ಕಂಪನಿಯ ಎಫ್‌ಎಸ್100ಸಿ ಸಣ್ಣ ಬಾಡಿಯದು, ಟಾಪ್ ಮಾತ್ರ ಅಲ್ಲೂ ಪ್ಲೈಯೇ. ಇನ್ನಷ್ಟು ದುಡ್ಡು ಹೊಂದಿಸಲು ಸಾಧ್ಯವಿದ್ದರೆ ಗಟ್ಟಿ ಸ್ಪ್ರೂಸ್ ಟಾಪ್‌ನ ಎಫ್‌ಎಸ್800 ನನ್ನ ಮೊದಲ ಆಯ್ಕೆ. ಅದರ ಸ್ಕೇಲ್ (ನಟ್‌ನಿಂದ ಸ್ಯಾಡಲ್‌ವರೆಗಿನ ತಂತಿಯ ಉದ್ದ) 634 ಮಿ.ಮೀ., ನಟ್ 43. ಫೆಂಡರ್‌ನ ಸಿಸಿ-60ಎಸ್ ಮತ್ತು ಪಾರ್ಲರ್ ಅಳತೆಯ ಸಿಪಿ-60ಎಸ್ ಕೂಡ ಗಟ್ಟಿ ಟಾಪ್‌ನವು. ಪಾರ್ಲರ್ ಕಣ್ಣಿಗೆ ಮುದ್ದಾಗಿ ಕಂಡರೂ ಅದರ ನಾದ ಡಬ್ಬಿಯೊಳಗಿನ ಮಾತಿನಂತೆ ಕೇಳಿಸುವುದುಂಟು, ಆದ್ದರಿಂದ ನುಡಿಸಿ ನೋಡದೆ ಆನ್‌ಲೈನಿನಲ್ಲಿ ತರಿಸಬೇಡಿ ಎಂದೇ ನನ್ನ ಸಲಹೆ. ಒಳಗೆ ಪಿಕಪ್ (ನಾದವನ್ನು ಆಂಪ್ಲಿಫೈಯರ್‌ಗೆ ಕಳಿಸುವ ಸಾಧನ) ಇರುವ ಮಾದರಿಗೆ ಹೆಚ್ಚು ಕೊಡುವುದಕ್ಕಿಂತ ಆ ಹಣವನ್ನು ಸೆಟಪ್‌ಗೆ, ಅಂದರೆ ಆ್ಯಕ್ಷನ್, ನೆಕ್ ಹದ ಮಾಡಿಸುವುದಕ್ಕೆ, ಕೊಟ್ಟರೆ ದಿನವೂ ಅದರ ಫಲ ಕೈಗೆ ಸಿಗುತ್ತದೆ.

ತಂದ ಮೇಲೆ ಮೊದಲ ಕೆಲಸ ತಂತಿ ಬದಲಿಸುವುದು. ಸಣ್ಣ ಬಾಡಿಗೆ 11ರಿಂದ 52ರ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ) ಕಸ್ಟಮ್ ಲೈಟ್ ಸೆಟ್ ಚೆನ್ನಾಗಿ ಹೊಂದುತ್ತದೆ. 10ರಿಂದ 47ರ ಸೆಟ್ ಬೆರಳಿಗೆ ಇನ್ನೂ ಸುಲಭ, ನಾದ ಮಾತ್ರ ತೆಳುವಾಗುತ್ತದೆ. ಗಟ್ಟಿ ಟಾಪ್‌ಗೆ ಸುಮಾರು 45ರಿಂದ 55 ಶೇಕಡಾ ತೇವಾಂಶ ಹಿತ. ಮಂಗಳೂರು, ಉಡುಪಿಯ ಕಡೆಯವರು ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ತೂಗುಹಾಕದೆ ಸಿಲಿಕಾ ಜೆಲ್ ಚೀಲಗಳೊಂದಿಗೆ ಕೇಸಿನಲ್ಲಿಡಬೇಕು, ಇಲ್ಲವಾದರೆ ಟಾಪ್ ಉಬ್ಬಿ ಆ್ಯಕ್ಷನ್ ಏರುತ್ತದೆ. ಕಲಬುರಗಿ, ವಿಜಯಪುರದ ಬೇಸಿಗೆಯಲ್ಲಿ ಸಮಸ್ಯೆ ತಿರುಗುಮುರುಗು: ಮರ ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚತೊಡಗಿದರೆ, ತೂತು ಮಾಡಿದ ಸಾಬೂನು ಡಬ್ಬಿಯಲ್ಲಿ ಒದ್ದೆ ಸ್ಪಂಜನ್ನು ನೀರು ಸೋರದಂತೆ ಹಿಂಡಿ ಇಟ್ಟು, ಅದನ್ನು ಕೇಸಿನೊಳಗೆ ತಲೆಯ ಭಾಗದ ಪಕ್ಕದಲ್ಲಿರಿಸಿ, ವಾರಕ್ಕೊಮ್ಮೆಯಾದರೂ ತೆಗೆದು ನೋಡುತ್ತಿರಬೇಕು.