ಎರೆ ನೆಲದಲ್ಲಿ ಕ್ಯಾಂಪರ್ ವ್ಯಾನ್: ಹೊರಡುವ ಮೊದಲು, ನಿಲ್ಲಿಸುವ ಮೊದಲು

ಟೆಂಪೊ ಟ್ರಾವೆಲರ್‌ಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂಡಿಸಿಕೊಂಡು ಬೀದರ್ ಕೋಟೆ, ಚಿಂಚೋಳಿ ಕಾಡು, ನಾರಾಯಣಪುರ ಜಲಾಶಯ ಸುತ್ತಿ ಬರಲು ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲವೇ ಸರಿ. ಏಪ್ರಿಲ್–ಮೇನಲ್ಲಿ ಕಲಬುರಗಿ ಬಿಸಿಲು 42 ಡಿಗ್ರಿ ದಾಟುತ್ತದೆ, ತಗಡಿನ ಗಾಡಿ ರಾತ್ರಿ ಹತ್ತಾದರೂ ಆರುವುದಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣು ಚಕ್ರ ಬಿಡುವುದಿಲ್ಲ.

ಸೀಟು ತೆಗೆಸಿ ಮಂಚ ಹಾಕಿಸಿದ್ದರೆ ಆ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಇದೆಯೇ, ಆರ್‌ಸಿಯಲ್ಲಿ ನಮೂದಾಗಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಬರುತ್ತದೆ.

ನೀರು, ಸಾಮಾನು ಎಲ್ಲ ತುಂಬಿ, ಜನರನ್ನೂ ಕೂರಿಸಿ, ಒಮ್ಮೆ ಕಾಟಾ ಮಾಡಿಸಿ. ತೊಗರಿ ಬೇಳೆ ಮಿಲ್ಲುಗಳಿರುವ ಕಲಬುರಗಿಯಲ್ಲಿ ವೇ ಬ್ರಿಜ್ ಹುಡುಕಿಕೊಂಡು ಹೋಗಬೇಕಿಲ್ಲ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮೀರಿದ್ದರೆ ಸಾಮಾನು ಇಳಿಸಲೇಬೇಕು. ಮೊದಲು ಕೈಬಿಡುವುದು ಗಾಡಿಯ ಛಾವಣಿಯ ಮೇಲಿನ ಹೊರೆ. ತಿರುವಿನಲ್ಲಿ ಗಾಡಿ ವಾಲುವುದು ಅದರಿಂದಲೇ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲೇ ಅಳೆಯಿರಿ. ಪೂರ್ತಿ ಹೊರೆಗೆ ಎಷ್ಟಿರಬೇಕೆಂದು ಕಂಪನಿ ಹೇಳಿದೆಯೋ ಅಷ್ಟೇ ಇರಲಿ. ಮಧ್ಯಾಹ್ನ ಕಾದ ಟೈರಿನಲ್ಲಿ ಗಾಳಿ ಹೆಚ್ಚು ತೋರಿತೆಂದು ಬಿಡಬೇಡಿ. ತಣ್ಣಗಾದ ಮೇಲೆ ಕಮ್ಮಿಯಾಗಿರುತ್ತದೆ, ಕಮ್ಮಿ ಗಾಳಿಯ ಟೈರಿನ ಪಕ್ಕದ ಗೋಡೆ ಬಾಗಿ ಬಾಗಿ ಕಾದು ಸಿಡಿಯುತ್ತದೆ. ಟೈರಿನ ಮೇಲಿನ ನಾಲ್ಕು ಅಂಕಿ ಓದಿಕೊಳ್ಳಿ: 2319 ಎಂದಿದ್ದರೆ 2019ರ 23ನೇ ವಾರದ ಟೈರು. ಗೆರೆ ಚೆನ್ನಾಗಿದ್ದರೂ ಆರು ವರ್ಷ ದಾಟಿದ್ದನ್ನು ಈ ಬಿಸಿಲಿಗೆ ನಂಬಬೇಡಿ. ಸ್ಟೆಪ್ನಿಯನ್ನೂ ಹೀಗೇ ನೋಡಿ.

ಕುಡಿಯಲು ಒಬ್ಬರಿಗೆ ದಿನಕ್ಕೆ 5 ಲೀಟರ್, ಅಡುಗೆ ಮತ್ತು ತೊಳೆಯಲು ಇನ್ನು 7–8 ಲೀಟರ್ ಹಿಡಿಯಿರಿ. ನಾಲ್ವರಿಗೆ ಎರಡು ದಿನವೆಂದರೆ ಸುಮಾರು 100 ಲೀಟರ್, ಅಂದರೆ 100 ಕಿಲೋ. ದೊಡ್ಡ ಟ್ಯಾಂಕು ಅರ್ಧ ಖಾಲಿಯಾದಾಗ ನೀರು ತುಳುಕಿ ಗಾಡಿಯನ್ನು ಎಳೆದಾಡುತ್ತದೆ. 20 ಲೀಟರಿನ ಐದು ಕ್ಯಾನು ಕೆಳಗೆ, ಅಚ್ಚಿನ ಹತ್ತಿರ ಕಟ್ಟಿದರೆ ಆ ತೊಂದರೆಯಿಲ್ಲ.

ಕರೆಂಟಿನ ಲೆಕ್ಕ ಹೆಚ್ಚಿನವರು ತಪ್ಪುತ್ತಾರೆ. 12 ವೋಲ್ಟ್, 100 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ 1200 ವಾಟ್-ಅವರ್ ಇದ್ದರೂ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಕೈಗೆ ಸಿಗುವುದು 600. ಇಪ್ಪತ್ತು ವಾಟಿನ ಫ್ಯಾನು ಎಂಟು ತಾಸಿಗೆ 160, ದೀಪಗಳಿಗೆ 50. ನಲವತ್ತೈದು ವಾಟಿನ ಫ್ರಿಜ್ ದಿನದಲ್ಲಿ 12 ತಾಸು ಓಡಿದರೆ ಅದೊಂದಕ್ಕೇ 540, ಒಟ್ಟು 750. ಹಾಗಾಗಿ ಎರಡನೇ ಬ್ಯಾಟರಿ ಬೇಕು, ಇಲ್ಲವೇ ಫ್ರಿಜ್ ಬಿಟ್ಟು ಐಸ್ ಪೆಟ್ಟಿಗೆ ಒಯ್ಯಬೇಕು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇದ್ದಲ್ಲಿ ಫ್ರಿಜ್ ಯಾತಕ್ಕೆ?

ಗ್ಯಾಸಿಗೆ 5 ಕಿಲೋ ಸಿಲಿಂಡರ್ ಸಾಕು. ನೆಟ್ಟಗೆ ನಿಲ್ಲಿಸಿ ಬೆಲ್ಟ್ ಕಟ್ಟಿ, ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಮಾಡಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ಗಾಳಿಕಂಡಿ ಸಿಲಿಂಡರ್ ಗೂಡಿನ ತಳದಲ್ಲಿರಬೇಕು. ಬೀದರಿನ ಡಿಸೆಂಬರ್ ಚಳಿಗೆ ಗಾಡಿಯೊಳಗೆ ಇದ್ದಿಲ ಸಿಗಡಿ ಇಡಲೇಬೇಡಿ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಕತ್ತಲಾದ ಮೇಲೆ ಓಡಿಸಬೇಡಿ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್‌ಗಳು ರಸ್ತೆಯಲ್ಲಿರುತ್ತವೆ. ಹಗಲಿನಲ್ಲಿ ಡಾಂಬರಿನ ಮೇಲೆ ರಾಶಿಗೆ ಹರವಿದ ಸೊಪ್ಪೆಯನ್ನು ತುಳಿದುಕೊಂಡು ಹೋಗಬೇಡಿ; ಅದು ಅಚ್ಚಿಗೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಂಡರೆ ಗಾಡಿಯೇ ಹೋಗುತ್ತದೆ. ತುಳಿಯಲೇಬೇಕಾಗಿ ಬಂದರೆ ತುಸು ದೂರ ಹೋಗಿ ಇಳಿದು ಕೆಳಗೆ ನೋಡಿ.

ತಂಗುವ ಜಾಗ ಸೂರ್ಯ ಮುಳುಗುವುದಕ್ಕೆ ಒಂದು ತಾಸು ಮುಂಚೆ ಗೊತ್ತಾಗಿರಲಿ. ಚಂದ್ರಂಪಳ್ಳಿ ಚಿಂಚೋಳಿ ವನ್ಯಜೀವಿಧಾಮದ ಸೀಮೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ. ಭೀಮಾ, ಕೃಷ್ಣೆಯ ಪಾತ್ರಕ್ಕೆ ಇಳಿಯಬೇಡಿ. ಇಲ್ಲಿ ಮೋಡವಿಲ್ಲದಿದ್ದರೂ ಮೇಲಿನ ಅಣೆಕಟ್ಟಿನ ಗೇಟು ತೆರೆದರೆ ನೀರು ಏರುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ನೀರು ಹೀರಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ, ಅಲ್ಲಿ ಧೈರ್ಯವಾಗಿ ನಿಲ್ಲಿಸಬಹುದು. ಎರೆ ಹೊಲ ಹಾಗಲ್ಲ. ಹಿಡಿ ಮಣ್ಣು ಒದ್ದೆ ಮಾಡಿ ಹೊಸೆಯಿರಿ; ಮುರಿಯದೆ ಉದ್ದ ಬತ್ತಿಯಾದರೆ ಅದು ಒಂದೇ ಮಳೆಗೆ ಹೂಳುವ ನೆಲ. ರಸ್ತೆಯ ಕಡೆ ಮುಖ ಮಾಡಿ, ಮುರುಮಿನ ಮೇಲೇ ನಿಲ್ಲಿಸಿ. ರೈತರ ಜಾಗವಾದರೆ ಅವರನ್ನು ಕೇಳಿ. ಒಂಟಿ ಮರದ ಬುಡ ಬೇಡ, ಸಿಡಿಲಿನ ಭಯವಿದೆ. ಚಪ್ಪಲಿ ಹೊರಗೆ ಬಿಟ್ಟಿದ್ದರೆ ಬೆಳಿಗ್ಗೆ ಝಾಡಿಸಿ ಹಾಕಿಕೊಳ್ಳಿ, ಚೇಳು ಸೇರಿರುತ್ತವೆ. ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಕಚ್ಚಿದ ಕೈ-ಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ.

ಹೂತುಕೊಂಡರೆ ಆಕ್ಸಿಲರೇಟರ್ ಒತ್ತಬೇಡಿ, ಚಕ್ರ ತಿರುಗಿದಷ್ಟೂ ಆಳಕ್ಕೆ ಇಳಿಯುತ್ತದೆ. ಜನರನ್ನು ಇಳಿಸಿ, ನೀರಿನ ಕ್ಯಾನು ಕೆಳಗಿಡಿ. ಟೈರಿಗೆ ಮೆತ್ತಿದ ಮಣ್ಣನ್ನು ಕುರ್ಪಿಯಿಂದ ಕೆರೆದು, ಎಂಜಿನ್ ಶಕ್ತಿ ಹೋಗುವ ಚಕ್ರಗಳ ಮುಂದೆ ಒಣ ಗೋಣಿಚೀಲ ಹಾಸಿ. ಜ್ಯಾಕ್ ಬಳಸುವುದಾದರೆ ಅದರ ಕೆಳಗೆ ಒಂದಡಿ ಅಗಲದ, ಒಂದಿಂಚು ದಪ್ಪದ ಹಲಗೆ ಇರಲಿ; ಇಲ್ಲದಿದ್ದರೆ ಮೇಲೇಳುವುದು ಗಾಡಿಯಲ್ಲ, ಜ್ಯಾಕೇ ಕೆಳಗಿಳಿಯುತ್ತದೆ. ಟೈರಿನ ಗಾಳಿ ಮೂರರಲ್ಲಿ ಒಂದು ಪಾಲು ಇಳಿಸಿ, ನಿಧಾನವಾಗಿ ಕ್ಲಚ್ ಬಿಡಿ. ಅದಕ್ಕೂ ಬರದಿದ್ದರೆ ಟ್ರ್ಯಾಕ್ಟರ್ ಕರೆಸಿ, ಹಗ್ಗವನ್ನು ಬಂಪರಿಗೆ ಕಟ್ಟದೆ ಕೊಂಡಿಗೇ ಹಾಕಿ, ಹಗ್ಗದ ಹತ್ತಿರ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಮೇಲೆ ಬಂದ ಕೂಡಲೇ 12 ವೋಲ್ಟ್ ಪಂಪಿನಿಂದ ಗಾಳಿ ತುಂಬಿಕೊಂಡೇ ಡಾಂಬರು ರಸ್ತೆ ಹಿಡಿಯಿರಿ.