‘ವೆನ್’ ಮುಂದೆ ‘ವಿಲ್’ ಬೇಕಾ ಬೇಡ್ವಾ: ನಾನು ಕಲಿತಿದ್ದು ಹೀಗೆ

ನಾಳೆ ಅಂದ್ರೆ ‘ವಿಲ್’. ಶಾಲೆಯಲ್ಲಿ ನನ್ನ ತಲೆಗೆ ಹೋಗಿದ್ದು ಇಷ್ಟೇ. ಹಾಗಾಗಿ ವರ್ಷಗಟ್ಟಲೆ ಆಫೀಸಿನ ಮೇಲ್‌ಗಳಲ್ಲಿ ‘ಆಫ್ಟರ್ ಐ ವಿಲ್ ಗೆಟ್ ದ ಫೈಲ್, ಐ ವಿಲ್ ಚೆಕ್ ಇಟ್’ ಅಂತಲೇ ಬರೆಯುತ್ತಿದ್ದೆ. ಒಂದು ದಿನ ಪಕ್ಕದ ಸೀಟಿನವರು ನೋಡಿ, ಮೊದಲನೇ ‘ವಿಲ್’ ತೆಗೀರಿ ಅಂದರು. ಯಾಕೆ ಅಂತ ಕೇಳಿದ್ದಕ್ಕೆ, ರೂಲ್ ಇರೋದೇ ಹಾಗೆ ಅಂದರು.

ಸರಿ, ಎಲ್ಲಾ ಕಡೆ ‘ವಿಲ್’ ಕಿತ್ತು ಹಾಕಿದೆ. ಎಡವಟ್ಟಾಗಿದ್ದು ಅಲ್ಲೇ. ಒಬ್ಬರಿಂದ ಒಂದು ಫೈಲ್ ಬರಬೇಕಿತ್ತು, ಯಾವ ದಿನ ಕಳಿಸ್ತಾರೆ ಅಂತ ತಿಳಿದರೆ ನನಗೆ ಸಾಕಿತ್ತು. ‘ಪ್ಲೀಸ್ ಟೆಲ್ ಮಿ ವೆನ್ ಯು ಸೆಂಡ್ ದ ಫೈಲ್’ ಅಂತ ಬರೆದೆ. ‘ಶ್ಯೂರ್’ ಅಂದರು. ಆಮೇಲೆ ನಾಲ್ಕು ದಿನ ಸುದ್ದಿಯೇ ಇಲ್ಲ. ಐದನೇ ದಿನ ಫೈಲ್ ಬಂತು, ಜೊತೆಗೆ ‘ಈಗಷ್ಟೇ ಕಳಿಸಿದೆ’ ಅಂತ ಒಂದು ಸಾಲು. ಸಿಟ್ಟು ಬಂತು, ಆದರೆ ತಪ್ಪು ಅವರದ್ದಲ್ಲ. ನಾನು ಕೇಳಿದ್ದು ‘ಕಳಿಸಿದಾಗ ಹೇಳಿ’ ಅಂತ. ಕೇಳಬೇಕಿದ್ದಿದ್ದು ‘ಯಾವಾಗ ಕಳಿಸ್ತೀರಿ ಹೇಳಿ’, ಅಂದರೆ ‘ಟೆಲ್ ಮಿ ವೆನ್ ಯು ವಿಲ್ ಸೆಂಡ್ ಇಟ್’.

ಈ ಎರಡು ಕನ್ನಡದ ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗಲೇ ನನಗೆ ಗಂಟು ಬಿಚ್ಚಿದ್ದು. ‘ವೆನ್’ಗೆ ಕನ್ನಡದಲ್ಲಿ ‘ಯಾವಾಗ’ ಬಂದರೆ ‘ವಿಲ್’ ಇರಲಿ. ‘ಬಂದಾಗ’, ‘ಕಳಿಸಿದಾಗ’ ಅಂತ ಬಂದರೆ ಬೇಡ. ಮಜಾ ಅಂದ್ರೆ ನಾವೂ ಅಲ್ಲಿ ಭವಿಷ್ಯತ್ಕಾಲ ಹಾಕೋದಿಲ್ಲ. ‘ನಾಳೆ ಅವನು ಬಂದಾಗ ಹೇಳ್ತೀನಿ’ ಅಂತೀವಿ. ನಾಳೆಯ ಮಾತಿಗೆ ‘ಬಂದ’, ನೋಡೋಕೆ ಪೂರ್ತಿ ಭೂತಕಾಲ, ಅಲ್ವಾ? ನಾಳೆಯನ್ನು ಹೊರೋದು ಕೊನೆಯ ‘ಹೇಳ್ತೀನಿ’ ಒಂದೇ. ಇಂಗ್ಲಿಷಿನಲ್ಲೂ ಅದೇ ಲೆಕ್ಕ: ‘ವೆನ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್’. ಹಾಗಂತ ‘ಬಂದ’ ನೋಡಿಕೊಂಡು ‘ವೆನ್ ಹಿ ಕೇಮ್ ಟುಮಾರೋ’ ಅನ್ನಬೇಡಿ. ಅದನ್ನೂ ನಾನು ಮಾಡಿಯಾಗಿದೆ.

‘ಇಫ್’ಗೂ ಇದೇ ಪರೀಕ್ಷೆ ನಡೆಯುತ್ತದೆ. ‘ಬಂದರೆ’ ಆದರೆ ‘ಇಫ್ ಹಿ ಕಮ್ಸ್’, ‘ಬರ್ತಾನೋ ಇಲ್ವೋ ಗೊತ್ತಿಲ್ಲ’ ಆದರೆ ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’.

ಇನ್ನು ಕೆಲಸ ಪೂರ್ತಿ ಮುಗಿದ ಮೇಲೆ ಅಂತ ಒತ್ತಿ ಹೇಳಬೇಕಾದರೆ ‘ಹ್ಯಾವ್’ ಹಾಕುತ್ತೇನೆ. ‘ವೆನ್ ಐ ಹ್ಯಾವ್ ರೆಡ್ ಯುವರ್ ರಿಪೋರ್ಟ್, ಐ ವಿಲ್ ಕಾಲ್ ಯು’ ಅಂದರೆ ಓದಿ ಮುಗಿಸಿದ ಮೇಲೇ ಫೋನು, ಅನುಮಾನವೇ ಇಲ್ಲ. ಬರೋದು, ತಲುಪೋದು ಥರ ಒಂದೇ ಕ್ಷಣದಲ್ಲಿ ಆಗಿಹೋಗುವ ಕೆಲಸಕ್ಕೆ ಸುಮ್ನೆ ‘ಕಮ್ಸ್’, ‘ರೀಚಸ್’ ಸಾಕು.

ಈಗಲೂ ಕೈ ಕೊಡೋದು ‘ಅಂಟಿಲ್’ ಮತ್ತು ‘ಬಿಫೋರ್’. ಯಾಕಂದ್ರೆ ಕನ್ನಡದಲ್ಲಿ ‘ಅವನು ಬರೋವರೆಗೂ’, ‘ಬರೋ ಮೊದಲು’ ಅಂತೀವಿ, ಅಲ್ಲಿ ‘ಬಂದ’ ಇಲ್ಲ, ‘ಬರೋ’ ಇದೆ, ಬೆರಳು ತಾನಾಗೇ ‘ವಿಲ್’ ಕಡೆ ಹೋಗುತ್ತದೆ. ಆದರೆ ಇವೆರಡಕ್ಕೆ ‘ಯಾವಾಗ’ ಅನ್ನೋ ಅರ್ಥ ಬರೋದೇ ಇಲ್ಲವಲ್ಲ, ಹಾಗಾಗಿ ಇವುಗಳ ಪಕ್ಕ ‘ವಿಲ್’ ಕಂಡರೆ ಯೋಚನೆ ಮಾಡದೆ ಅಳಿಸಿಬಿಡುತ್ತೇನೆ.