ಬರಿಗಾಲಿನ ಮನೆಗೆ ಮೆಟ್ಟಿಲಿನ ನೋಸಿಂಗ್

ನೋಸಿಂಗ್ ಅಂದರೆ ಮೆಟ್ಟಿಲಿನ ಮುಂದಿನ ಅಂಚಿಗೆ ಹಾಕುವ ಪಟ್ಟಿ. ಅದರ ಕ್ಯಾಟಲಾಗುಗಳೆಲ್ಲ ಬೂಟು ಹಾಕಿದ ಕಾಲನ್ನು ಲೆಕ್ಕಕ್ಕೆ ಹಿಡಿದವು. ಕಾಸರಗೋಡಿನ ಮಂಜೇಶ್ವರದಿಂದ ಮುಳ್ಳೇರಿಯದ ತನಕ ನಾವು ಕೆಲಸ ಮಾಡುವ ಮನೆಗಳಲ್ಲಿ ಚಪ್ಪಲಿ ಸಿಟೌಟಿನ (ಎದುರಿನ ಜಗಲಿಯ) ಕೆಳಗೇ ಉಳಿಯುತ್ತದೆ. ಮೆಟ್ಟಿಲು ಹತ್ತಿಳಿಯುವುದು ಬರಿಗಾಲು, ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ಬರಿಗಾಲು. ಹಾಗಾಗಿ ನಾನು ಮೊದಲು ನೋಡುವುದು ಅಂಚು ಕಣ್ಣಿಗೆ ಬೀಳುತ್ತದೆಯೇ ಎಂದು. ಹಿಡಿತ ಆಮೇಲೆ, ಲೋಹ ಯಾವುದು ಎಂಬುದು ಕೊನೆಗೆ. ಅಂಗಡಿಯಲ್ಲಿ ಮಾತು ಲೋಹದಿಂದಲೇ ಶುರುವಾಗುತ್ತದೆ.

ಮೆಟ್ಟಿಲಿನಲ್ಲಿ ಅಪಾಯ ಹೆಚ್ಚು ಇಳಿಯುವಾಗ. ಹತ್ತುವವರಿಗೆ ಮೆಟ್ಟಿಲಿನ ಎದುರುಮುಖ ಕಾಣುತ್ತದೆ, ಇಳಿಯುವವರಿಗೆ ಮೇಲ್ಮೈ ಮಾತ್ರ. ಇಡೀ ಮೆಟ್ಟಿಲು ಒಂದೇ ಪಾಲಿಶ್ ಕಪ್ಪು ಗ್ರಾನೈಟಾದರೆ ಒಂದು ಮೆಟ್ಟಿಲು ಮುಗಿದು ಇನ್ನೊಂದು ಶುರುವಾಗುವ ಗೆರೆಯೇ ಕಾಣುವುದಿಲ್ಲ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ ಇನ್ನೂ ಕಷ್ಟ. ಬೈಫೋಕಲ್ ಕನ್ನಡಕದವರು ಕೆಳಗೆ ನೋಡುವುದು ಓದುವ ಗಾಜಿನ ಮೂಲಕ, ಆ ದೂರಕ್ಕೆ ಅಂಚು ಮಸುಕು. ಇಲ್ಲಿನ ಮೇಸ್ತ್ರಿಗಳು ಅಂಚಿನಲ್ಲಿ ಮೂರು ಗ್ರೂವ್ ಹೊಡೆದು ‘ಇನ್ನು ಜಾರುವುದಿಲ್ಲ’ ಎನ್ನುತ್ತಾರೆ. ಕಪ್ಪು ಕಲ್ಲಿನಲ್ಲಿ ಕೊರೆದ ಗ್ರೂವ್ ಕೂಡ ಕಪ್ಪೇ, ಕಣ್ಣಿಗೆ ಅದರಿಂದ ಉಪಯೋಗವಿಲ್ಲ. ಹೊರಗಿನ ಮೆಟ್ಟಿಲಾದರೆ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಆ ಗ್ರೂವ್‌ಗಳಲ್ಲೇ ಮೊದಲು ಪಾಚಿ ಕಟ್ಟುತ್ತದೆ.

ಸಾರ್ವಜನಿಕ ಕಟ್ಟಡಕ್ಕೆ ಕೇಂದ್ರದ 2021ರ ಸುಗಮ್ಯತಾ ಮಾರ್ಗಸೂಚಿ ಅಂಚಿನಲ್ಲಿ 50 ಮಿ.ಮೀ. ಅಗಲದ, ಎದ್ದು ಕಾಣುವ ಬಣ್ಣದ ಪಟ್ಟಿ ಕೇಳುತ್ತದೆ. ಮನೆಗೂ ನಾನು ಅದನ್ನೇ ಹಿಡಿಯುತ್ತೇನೆ. ಪಟ್ಟಿ ಅಂಚಿನಲ್ಲೇ ಇರಬೇಕು. ಆಸ್ಟ್ರೇಲಿಯಾದ ಮಾನದಂಡ ಅಂಚಿನಿಂದ 15 ಮಿ.ಮೀ.ಗಿಂತ ಹಿಂದೆ ಸರಿಯಲು ಬಿಡುವುದಿಲ್ಲ. ಕಾರಣ ಸರಳ: ಪಟ್ಟಿಯನ್ನು 40–50 ಮಿ.ಮೀ. ಒಳಗೆ ಅಂಟಿಸಿದರೆ ಕಣ್ಣು ಅದನ್ನೇ ಅಂಚು ಎಂದುಕೊಳ್ಳುತ್ತದೆ. ಅದಕ್ಕಿಂತ ಪಟ್ಟಿಯೇ ಇಲ್ಲದಿದ್ದರೆ ಮೇಲು. ಎದುರುಮುಖಕ್ಕೂ 30 ಮಿ.ಮೀ.ನಷ್ಟು ಮಡಚಿಕೊಂಡು ಬಂದರೆ ಹತ್ತುವವರಿಗೂ ಕಾಣುತ್ತದೆ.

ಬಣ್ಣದ ಪರೀಕ್ಷೆಗೆ ಯಂತ್ರ ಬೇಡ. ಸ್ಯಾಂಪಲ್ ತುಂಡನ್ನು ಮೆಟ್ಟಿಲ ಮೇಲಿಟ್ಟು, ನೀರು ಚಿಮುಕಿಸಿ, ಸಂಜೆಯ ಮಬ್ಬಿನಲ್ಲಿ ಫೋನಿನಿಂದ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಎರಡೂ ಒಂದೇ ಬೂದು ಬಣ್ಣಕ್ಕೆ ಬಂದರೆ ಆ ಜೋಡಿ ಬೇಡ. ರೆಡ್ ಆಕ್ಸೈಡ್ ಮೆಟ್ಟಿಲಿಗೆ ಕಡುಬೂದು ಪಟ್ಟಿ ಹಗಲಲ್ಲಿ ಚೆಂದ, ಫೋಟೊದಲ್ಲಿ ಮಾಯ. ಬಿಳಿ ಟೈಲ್ಸಿಗೆ ಹಳದಿಯೂ ಕೆನೆಬಣ್ಣಕ್ಕೆ ಹಿತ್ತಾಳೆಯೂ ಹಾಗೆಯೇ. ಕಪ್ಪು ಗ್ರಾನೈಟಿಗೆ ಹಳದಿ ಅಥವಾ ತಿಳಿಬೂದು, ಕೆಂಪಿಗೆ ಕೆನೆಬಣ್ಣ, ಬಿಳಿಗೆ ಕಪ್ಪು ಸರಿಯಾಗುತ್ತದೆ. ಮನೆಯವರು ಒಪ್ಪದಿದ್ದರೆ ಮೇಲಿನ ಮತ್ತು ಕೆಳಗಿನ ಕೊನೆಯ ಅಂಚುಗಳಿಗಾದರೂ ಹಾಕಿ ಎನ್ನುತ್ತೇನೆ. ಎಲ್ಲವಕ್ಕೂ ಹಾಕಿಸಿಕೊಳ್ಳುವುದೇ ಸರಿ.

ಹಿಡಿತದ ವಿಷಯದಲ್ಲಿ ಕ್ಯಾಟಲಾಗ್ ‘ಆರ್ 11’, ‘ಆರ್ 12’ ಎನ್ನುತ್ತದೆ. ಅದು ಎಣ್ಣೆ ಸವರಿದ ಇಳಿಜಾರಿನಲ್ಲಿ ಬೂಟು ಹಾಕಿ ನಡೆದು ಪಡೆದ ಅಂಕ. ಬರಿಗಾಲಿಗೆ ಬೇರೆ ಜರ್ಮನ್ ಪರೀಕ್ಷೆ ಇದೆ, ಕ್ಯಾಟಲಾಗಿನಲ್ಲಿ ಡಿನ್ 51097 ಎಂದಿರುತ್ತದೆ; ಅದು ಸಾಬೂನು ನೀರಿನಲ್ಲಿ ಪರೀಕ್ಷಿಸಿ ಎ, ಬಿ, ಸಿ ಎಂದು ವರ್ಗ ಕೊಡುತ್ತದೆ. ಬಿ ಅಥವಾ ಸಿ ಇದೆಯೇ ಎಂದು ಕೇಳಿ ನೋಡಿ. ಪೆಂಡುಲಂ (ತೂಗುವ ರಬ್ಬರ್ ತುಂಡಿನಿಂದ ಹಿಡಿತ ಅಳೆಯುವ) ಪರೀಕ್ಷೆಯ ವರದಿ ಕೊಟ್ಟರೆ ಒದ್ದೆಯಲ್ಲಿ 36 ಅಥವಾ ಮೇಲೆ ಇರಬೇಕು.

ಕಾರ್ಬೊರಂಡಂ (ಉಜ್ಜುಕಾಗದದಂಥ ಒರಟು ಹರಳಿನ ಪುಡಿ) ತುಂಬಿದ ಪಟ್ಟಿ ಜಾರುವುದಿಲ್ಲ, ನಿಜ. ಆದರೆ ಮನೆಯೊಳಗೆ ನಾನು ಹಾಕುವುದಿಲ್ಲ. ಒರೆಸುವ ಬಟ್ಟೆಯ ಎಳೆಗಳು ಅದಕ್ಕೆ ಸಿಕ್ಕಿ ನಿಲ್ಲುತ್ತವೆ, ಅಂಬೆಗಾಲಿನ ಮಗುವಿನ ಮೊಣಕಾಲು ಕೀಸುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಗೀರು ಬಿದ್ದದ್ದೂ ಗೊತ್ತಾಗುವುದಿಲ್ಲ. ಕುಳಿತು ಮೆಟ್ಟಿಲಿಳಿಯುವವರನ್ನು ಅಂತೂ ಯಾವ ಕ್ಯಾಟಲಾಗೂ ನೆನೆಯುವುದಿಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಿರುವ ಎಣ್ಮಕಜೆ, ಬೆಳ್ಳೂರು ಕಡೆ ಇದನ್ನು ಮೊದಲೇ ವಿಚಾರಿಸಬೇಕು. ಅಂಥ ಮನೆಗೆ ಮೆತ್ತನೆಯ ಪಿವಿಸಿ ಅಥವಾ ರಬ್ಬರ್ ಇನ್ಸರ್ಟ್ (ಲೋಹದ ಪಟ್ಟಿಯ ತೋಡಿನಲ್ಲಿ ಕೂರಿಸುವ ತುಂಡು), ಅಂಚು 5–6 ಮಿ.ಮೀ. ದುಂಡಗೆ, ಮೇಲೆದ್ದ ಸ್ಕ್ರೂ ತಲೆ ಒಂದೂ ಇರಬಾರದು. ಕಾರ್ಬೊರಂಡಮ್ಮಿಗೂ ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಪಟ್ಟಿಗೂ ಜಾಗ ಶಾಲೆ, ಅಂಗಡಿ ಸಂಕೀರ್ಣಗಳ ಹೊರಮೆಟ್ಟಿಲು.

ಉಪ್ಪುಗಾಳಿಯ ಲೆಕ್ಕ ಕುಂಬಳೆ, ಉಪ್ಪಳದ ಕಡಲ ಬದಿಗೆ ಮುಖ್ಯ. ಅಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಕಂದು ಕಲೆ ಬೀಳುತ್ತದೆ, 316 ಬೇಕು. ಅಲ್ಯುಮಿನಿಯಮ್ ಆನೊಡೈಸ್ (ಮೇಲ್ಮೈಗೆ ರಕ್ಷಣೆಯ ಪದರ ಕೊಟ್ಟದ್ದು) ಆಗಿರಲಿ. ಹಸಿ ಸಿಮೆಂಟು ಅಲ್ಯುಮಿನಿಯಮನ್ನು ತಿನ್ನುತ್ತದೆ, ಟೈಲ್ಸಿನಡಿ ಹೂತು ಕೂರಿಸುವ ಪ್ರೊಫೈಲಿಗೆ (ಅಚ್ಚಿನ ಲೋಹದ ಪಟ್ಟಿಗೆ) ಹಿಂಬದಿಯಲ್ಲಿ ಎಪಾಕ್ಸಿ ಬಳಿದೇ ಕೂರಿಸಿ. ಕಬ್ಬಿಣದ ಸ್ಕ್ರೂ ಹಾಕಿದರೆ ಒಂದೇ ಮಳೆಗಾಲಕ್ಕೆ ಅಂಚಿನುದ್ದಕ್ಕೂ ಕೆಂಪು ನೀರು ಇಳಿಯುತ್ತದೆ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ, ಆದರೆ ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ನುಣ್ಣಗಾದ ಹಿತ್ತಾಳೆಯಷ್ಟು ಜಾರುವ ಅಂಚು ಬೇರಿಲ್ಲ.

ಹೊಸ ಮನೆಗೆ ನನ್ನ ಮೊದಲ ಆಯ್ಕೆ ಪ್ರೊಫೈಲೇ ಅಲ್ಲ. 50 ಮಿ.ಮೀ. ಅಗಲದ ತಿಳಿಬೂದು ಗ್ರಾನೈಟ್ ಪಟ್ಟಿ, ಫ್ಲೇಮ್ ಮಾಡಿದ್ದು (ಬೆಂಕಿ ಹಾಯಿಸಿ ಒರಟಾಗಿಸಿದ್ದು), ಉಳಿದ ಕಪ್ಪು ಕಲ್ಲಿನ ಮಟ್ಟಕ್ಕೇ. ಎದುರುಕಲ್ಲನ್ನು ಮೊದಲು ನಿಲ್ಲಿಸಿ, ಅದರ ತಲೆಯ ಮೇಲೆ ಪಟ್ಟಿ ಕೂರುವಂತೆ ಎಪಾಕ್ಸಿಯಲ್ಲಿ ಅಂಟಿಸಬೇಕು. ಹೊರಚಾಚು ಇಲ್ಲದ ಕಾರಣ ಪಟ್ಟಿ ಮುರಿಯುವುದಿಲ್ಲ, ಹತ್ತುವಾಗ ಕಾಲ್ಬೆರಳು ತಗಲುವುದಿಲ್ಲ. ಕೃತಕ ಕಾಲು, ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಇರುವವರಿಗೆ ತುಟಿಯಂತೆ ಮುಂದೆ ಬಂದ ಹಾಫ್ ರೌಂಡ್ ಮೋಲ್ಡಿಂಗೇ ದೊಡ್ಡ ಕಂಟಕ. ಚಾಚು ಬೇಕೇ ಬೇಕೆಂದರೆ 25 ಮಿ.ಮೀ. ಮೀರದಿರಲಿ, ಅಡಿ ಓರೆಯಾಗಿರಲಿ.

ಹಳೆಯ ಮೆಟ್ಟಿಲಿಗಾದರೆ ಪ್ರೊಫೈಲೇ ಗತಿ. 3 ಮೀಟರ್ ಎತ್ತರ, 150 ಮಿ.ಮೀ. ಏರು (ಒಂದೊಂದು ಮೆಟ್ಟಿಲಿನ ಎತ್ತರ) ಅಂದರೆ 20 ಏರು, 20 ಅಂಚು. ನಡುವಿನ ಮತ್ತು ಮೇಲಿನ ಲ್ಯಾಂಡಿಂಗ್ ಅಂಚುಗಳೂ ಇದರಲ್ಲೇ ಸೇರಿವೆ. ಲ್ಯಾಂಡಿಂಗನ್ನು ಬಿಡುವುದು ಮಾಮೂಲಿ ತಪ್ಪು. ಪ್ರೊಫೈಲು 5 ಮಿ.ಮೀ. ದಪ್ಪವಾಗಿದ್ದರೆ ಕೆಳಗಿನ ಮೊದಲ ಏರು ಬಿಟ್ಟು ಉಳಿದವೆಲ್ಲ ಸಮವಾಗಿಯೇ ಇದ್ದು ಲ್ಯಾಂಡಿಂಗಿನ ಏರು ಮಾತ್ರ 5 ಮಿ.ಮೀ. ಕಮ್ಮಿಯಾಗುತ್ತದೆ. ಕಣ್ಣಿಗೆ ಗೊತ್ತಾಗದು, ಕಾಲಿಗೆ ಗೊತ್ತಾಗುತ್ತದೆ. ಆ ಮೊದಲ ಏರು ಹೇಗೂ 5 ಮಿ.ಮೀ. ಹೆಚ್ಚುತ್ತದೆ, ಅದಕ್ಕೇ ತೆಳುವಾದ, ಹಿಂಬದಿ ನೆಲಕ್ಕೆ ಸಪಾಟಾಗುವ ಪ್ರೊಫೈಲು ಆರಿಸುವುದು. ಅಮೆರಿಕದ ಕೋಡು ಒಂದು ಸಾಲಿನಲ್ಲಿ 9.5 ಮಿ.ಮೀ. ವ್ಯತ್ಯಾಸದ ತನಕ ಬಿಡುತ್ತದೆ, ನಾನು 5ಕ್ಕೇ ನಿಲ್ಲಿಸುತ್ತೇನೆ. ನೋಸಿಂಗ್ ಕೊಳ್ಳುವ ಮೊದಲೇ ಎಲ್ಲ ಏರುಗಳನ್ನೂ ಅಳೆದು ಬರೆದುಕೊಳ್ಳಿ. ಏರುಪೇರಿನ ಮೆಟ್ಟಿಲನ್ನು ಯಾವ ನೋಸಿಂಗೂ ಸರಿಮಾಡದು.

ಅಗಲ 1,050 ಮಿ.ಮೀ. ಇದ್ದರೆ ಎರಡೂ ಬದಿ 5 ಬಿಟ್ಟು 1,040ಕ್ಕೆ ಕತ್ತರಿಸುತ್ತೇನೆ. 12 ಅಡಿಯ ಒಂದು ಉದ್ದದಲ್ಲಿ ಮೂರು ತುಂಡು ಬರುತ್ತದೆ, 20 ಅಂಚಿಗೆ 7 ಉದ್ದ ಸಾಕು. 10 ಅಡಿಯದು ತಂದರೆ ಎರಡೇ ತುಂಡು, 10 ಉದ್ದ ಬೇಕು, ಅಷ್ಟೂ ಕಡೆ ಒಂದು ಗಜದ ಹತ್ತಿರ ದಂಡ. ಕತ್ತರಿಸಿದ ತುದಿಗಳನ್ನು ಅರ ಹಾಕಿ ದುಂಡಗೆ ಮಾಡಿ, ಇಲ್ಲದಿದ್ದರೆ ಮುಂಡಿನ (ಪಂಚೆಯ) ಅಂಚು ಸಿಕ್ಕಿ ಎಳೆಯುತ್ತದೆ.

ತುಂಡಿಗೆ 5 ಸ್ಕ್ರೂ: ತುದಿಯಿಂದ 50, ನಡುವೆ 235ರ ಅಂತರ. ಒಟ್ಟು 100, ಮೇಲೆ ಹತ್ತು ಹೆಚ್ಚಿಗೆ. 38 ಮಿ.ಮೀ. ಸ್ಕ್ರೂ ಕೊಡುತ್ತಾರೆ, ಸಾಲದು. ಕಲ್ಲು 18, ಅದರಡಿ ಗಾರೆ 20–25, ಅಷ್ಟರಲ್ಲೇ ಸ್ಕ್ರೂ ಮುಗಿಯುತ್ತದೆ. ಆ ಗಾರೆ ಹೆಚ್ಚಾಗಿ ಪೊಳ್ಳು. ಹಾಗಾಗಿ ನನ್ನದು 60ರ ಸ್ಕ್ರೂ, ಪ್ಲಗ್ಗು ಕಾಂಕ್ರೀಟಿನ ತನಕ. ಕೊರೆಯುವ ಮೊದಲು ನಾಣ್ಯದಿಂದ ಅಂಚನ್ನು ತಟ್ಟಿ ನೋಡಿ. ಡಬಡಬ ಎಂದರೆ ಮೊದಲು ಎಪಾಕ್ಸಿ ಗ್ರೌಟ್ ಇಳಿಸಬೇಕು. ತೂತು ಅಂಚಿನಿಂದ 30 ಮಿ.ಮೀ. ಒಳಗಿರಲಿ, ಹತ್ತಿರ ಕೊರೆದರೆ ಕಲ್ಲು ಚಕ್ಕೆಯೇಳುತ್ತದೆ. ಕಲ್ಲು, ಟೈಲ್ಸು ದಾಟುವ ತನಕ ಹ್ಯಾಮರ್ ಬಂದ್, ಡೈಮಂಡ್ ಬಿಟ್ಟಿಗೆ ನೀರು ಬಿಡುತ್ತಾ ಕೊರೆಯಬೇಕು. ಸ್ಕ್ರೂ ಒಂದರಿಂದಲೇ ನಿಲ್ಲಿಸಬೇಡಿ, ಅಡಿಗೆ ಪಿಯು (ಪಾಲಿಯುರೆಥೇನ್) ಅಂಟು ಎರಡು ಸಾಲು ಎಳೆದು, ತೂತಿಗೂ ಒಂದು ಹನಿ ಬಿಡಿ. ಇಲ್ಲದಿದ್ದರೆ ಒರೆಸಿದ ನೀರು ಅಡಿ ಸೇರಿ, ಕಾಲಿಟ್ಟಾಗಲೆಲ್ಲ ಪಿಚಕ್ ಎನ್ನುತ್ತದೆ.

ಟೆರೇಸಿಗೆ ಹೋಗುವ ಮೆಟ್ಟಿಲಿಗೆ ಬೇರೆಯೇ ಯೋಚನೆ ಬೇಕು. ಅಡಿಕೆ ಹೆಡಗೆ ಹೊತ್ತವರಿಗೆ ತಮ್ಮ ಪಾದವೇ ಕಾಣುವುದಿಲ್ಲ, ಎರಡು-ಮೂರು ಮೆಟ್ಟಿಲು ಮುಂದಿನ ಅಂಚನ್ನು ನೋಡಿ ಅಂದಾಜಿನಲ್ಲಿ ಕಾಲಿಡುತ್ತಾರೆ. ಅಲ್ಲಿ ಪಟ್ಟಿ 75 ಮಿ.ಮೀ. ಇದ್ದರೂ ಹೆಚ್ಚಲ್ಲ. ಬಿಸಿಲಿಗೆ ಪಿವಿಸಿ ಇನ್ಸರ್ಟ್ ಕುಗ್ಗಿ ತುದಿಯಲ್ಲಿ ಸಂದು ಬಿಡುತ್ತದೆ, ಸಂದಿಗೆ ಬೆರಳು ಸಿಕ್ಕುತ್ತದೆ. ಅಲ್ಲಿಗೆ ಇನ್ಸರ್ಟ್ ಇಲ್ಲದ, ಅಡ್ಡಗೆರೆ ಹಾಕಿದ ಅಲ್ಯುಮಿನಿಯಮ್ ಮೇಲು. ಅಗ್ಗಕ್ಕೆ ಸಿಗುವ ಮರಳು ಟೇಪು ತಂದು ಅಂಟಿಸುವವರಿದ್ದಾರೆ. ಬೇಸಿಗೆಯಲ್ಲಿ ಕಲ್ಲು ಪೂರ್ತಿ ಒಣಗಿದಾಗ, ಸ್ಪಿರಿಟಿನಿಂದ ಒರೆಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ ಅಂಟಿಸಿದರೆ ಒಳಾಂಗಣದಲ್ಲಿ ಒಂದಷ್ಟು ಕಾಲ ನಿಲ್ಲುತ್ತದೆ. ಮಳೆ ಬೀಳುವ ಮೆಟ್ಟಿಲಲ್ಲಿ ತುದಿ ಸುರುಳಿಯಾಗಿ ಏಳುತ್ತದೆ. ಎದ್ದ ತುದಿ ಕಂಡ ದಿನವೇ ಇಡೀ ಟೇಪು ಕಿತ್ತುಹಾಕಿ.